ಟ್ಯಾಂಕ್ ಪಕ್ಕದ ಹಗ್ಗ

ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ದಾಸರಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಾಕೆ ರಾಯಚೂರಿನ ಕಡೆಯವಳು. ಪೀಣ್ಯದ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದಳು. ಬಟ್ಟೆಯ ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುವಳು. ಏನೇ ಹೇಳಿದರೂ ಮೊದಲು "ಇರ್ಲಿ ಬಿಡ್ರೀ ಅಕ್ಕಾರ" ಅನ್ನುವಳು. ಭಾನುವಾರ ಟೆರೇಸಿನಲ್ಲಿ ಬಟ್ಟೆ ಹರವುತ್ತ ಇಬ್ಬರೂ ಹರಟುತ್ತಿದ್ದೆವು. ಆ ಹರಟೆಯಲ್ಲಿ ನನ್ನ ಜಾತಿಯ ಭೇದಭಾವವೆಲ್ಲ ಕರಗಿತೆಂದುಕೊಂಡಿದ್ದೆ.

ಆಕೆ ಮಾತ್ರ ಟ್ಯಾಂಕ್ ಪಕ್ಕದ, ನೆರಳಿನ ಹಗ್ಗವನ್ನೇ ಬಳಸುತ್ತಿದ್ದಳು. ಒಮ್ಮೆ, "ಇಲ್ಲಿ ಬಿಸಿಲಿದೆ, ನಮ್ ಹಗ್ಗಕ್ಕೇ ಹಾಕಮ್ಮ" ಎಂದೆ.

ಆಕೆ ನಕ್ಕಳು. "ಇರ್ಲಿ ಬಿಡ್ರೀ ಅಕ್ಕಾರ. ಬಂದ ಹೊಸದಾಗ ಹಾಕಿದ್ದೆ. ಬಾಜೂಕ ಒಣಗಿದ್ದ ನಿಮ್ಮ ಬಟ್ಟಿನೆಲ್ಲಾ ನಿಮ್ಮ ಮನ್ಯಾಗ ಮತ್ತ ತೊಳದ್ರು. ಮರುದಿನ ನಮಗಂತ ಈ ಹಗ್ಗ ಕಟ್ಟಿದ್ರು."

ಸೋಪಿನ ನೀರಿನಲ್ಲಿ ಮುಳುಗಿದ ಎರಡು ಕೈಗಳು ನನಗೆ ನೆನಪಿವೆ. ಅವು ಯಾರವೆಂಬುದು ನೆನಪಿಲ್ಲ. ಅಮ್ಮನನ್ನು ಕೇಳಿದ್ದೇನೆ:

"ಅಮ್ಮಾ, ಅವತ್ತು ಬಟ್ಟೆನೆಲ್ಲ ತಿರ್ಗಾ ನೆನೆಹಾಕಿದ್ದು ನೀನಾ, ನಾನಾ?"