ಅನೀಸಾಳ ನೆರಿಗೆ ಹಲಗೆ

ಯಶವಂತಪುರದಲ್ಲಿ ಮರದ ಮಂಡಿ ಇಟ್ಟಿರುವ ಮುನೀಂದ್ರ ಈಗಲೂ ಬಂದವರಿಗೆಲ್ಲ ಹೇಳುತ್ತಾನಂತೆ, "ಆ ಗಿಟಾರ್ ಮಾಡೋ ಹುಡುಗಿಗೆ ಹಲಗೆ ಕೊಟ್ಟಿದ್ದು ನಾನೇ ಕಣ್ರೀ. ಪಾಪ, ಹೆಣ್ಣುಮಗಳು, ಹೋಗ್ಲಿ ಅಂತ ಕೊಟ್ಟೆ." ಮೊನ್ನೆ ನಮ್ಮ ಬೀದಿಯ ತರಕಾರಿ ಗಾಡಿಯ ಹತ್ತಿರವೂ ಯಾರೋ ಇದನ್ನೇ ಹೇಳಿ, "ಒಳ್ಳೇ ಮನುಷ್ಯ ಅಲ್ವಾ ತುಂಗಮ್ಮ?" ಎಂದು ನನ್ನನ್ನೇ ಕೇಳಿದರು. ಆರಿಸಿದ ಹುರುಳಿಕಾಯಿಯನ್ನು ಗಾಡಿಯ ಮೇಲೇ ಸುರಿದು ಮನೆಗೆ ಬಂದೆ. ಮುನೀಂದ್ರ ಕೊಡಲಿಲ್ಲ. ಆ ಹಲಗೆ ಮೊದಲೇ ಅವಳದಾಗಿತ್ತು. ಅವನು ಅದನ್ನು ಇನ್ನೊಬ್ಬರಿಗೆ ಸಾಗಿಸಲು ನೋಡಿದ, ಆಗಲಿಲ್ಲ. ನಾನು ಅಲ್ಲೇ ಕೂತಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅನೀಸಾ ಆರ್.ಟಿ. ನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಯಜಮಾನರು ಮುಂದೆ ಕಾರು ಬರುತ್ತದೆಂದು ಕಟ್ಟಿಸಿದ ಶೆಡ್ಡು ಅದು. ಕಾರು ಬರಲೇ ಇಲ್ಲ, ಅವರೂ ಹೋದರು. ಅನೀಸಾಳ ತಂದೆ ಖಾದರ್ ಬಾಷಾ ಬೀರು, ಮಂಚಗಳಿಗೆ ಪಾಲಿಶ್ ಹಾಕುತ್ತಿದ್ದವರು. ಬೇರೆ ಮಕ್ಕಳು ಸ್ಲೇಟು ಉಜ್ಜುವ ವಯಸ್ಸಿನಲ್ಲಿ ಇವಳು ಅಪ್ಪನ ಜೊತೆ ಕೂತು ಮರ ಉಜ್ಜಿದವಳು. ಆಮೇಲೆ ಒಂದು ಗಿಟಾರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದಳು. ಇವಳು ಕೆತ್ತಿ, ಕೊರೆದು, ತಂತಿ ಕಟ್ಟಿ ಕೊಟ್ಟ ಗಿಟಾರಿನ ತಲೆಯ ಮೇಲೆ ಅಂಗಡಿಯವರು ತಮ್ಮ ಹೆಸರು ಅಂಟಿಸಿ ಮಾರಿದರು. ಕೊಂಡವರಿಗೆ ಇವಳೊಬ್ಬಳು ಇದ್ದಾಳೆಂದೇ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನಿನ್ನ ಹೆಸರು ಹಾಕಿದ್ರೆ ಯಾರಮ್ಮ ತಗೋತಾರೆ?" ಎಂದು ನಕ್ಕರಂತೆ. ಅವತ್ತೇ ಬಿಟ್ಟು ಬಂದಳು.

ಇವಳು ಮಾಡುವುದು ಕರೆಂಟಿನ ಗಿಟಾರ್. ಅದಕ್ಕೆ ವೀಣೆಯ ಹಾಗೆ ಟೊಳ್ಳು ಹೊಟ್ಟೆ ಇಲ್ಲ, ಗಟ್ಟಿ ಮರ. ಅದರಲ್ಲೇ ಬೇಸ್ ಅನ್ನುವ ಜಾತಿಗೆ ದಪ್ಪ ತಂತಿ; ನುಡಿಸಿದರೆ ನಮ್ಮ ಅಡುಗೆಮನೆಯ ಡಬ್ಬಗಳು ಗುಂಯ್ ಅನ್ನುತ್ತವೆ. ಸದ್ದು ಕರೆಂಟಿನಿಂದ ಬರುವುದಾದರೆ ಮರದ ಅಂದ ಯಾಕೆ ಬೇಕು ಎಂದು ನಾನು ಒಮ್ಮೆ ಕೇಳಿದ್ದೆ.

"ಮೈ ಮುಚ್ಚೋಕೆ ಗೋಣಿಚೀಲನೂ ಸಾಕಲ್ವಾ ಅಮ್ಮಾ? ನೀವ್ಯಾಕೆ ಸೀರೆ ಉಡ್ತೀರ?" ಎಂದಳು.

ಅವಳು ಹುಡುಕುತ್ತಿದ್ದದ್ದು ನೆರಿಗೆ ಬಿದ್ದ ಮರ. ಸಾವಿರ ಮರದಲ್ಲಿ ಒಂದು ಮರ ಒಳಗೊಳಗೇ ಅಲೆ ಅಲೆಯಾಗಿ ಬೆಳೆದಿರುತ್ತದೆ. ಸೀಳಿದರೆ ರೇಷ್ಮೆ ಸೀರೆಯ ನೆರಿಗೆಯ ಹಾಗೆ ಹೊಳೆಯುತ್ತದೆ, ಅತ್ತ ವಾಲಿಸಿದರೆ ಒಂದು ಬಣ್ಣ, ಇತ್ತ ವಾಲಿಸಿದರೆ ಇನ್ನೊಂದು. ಆದರೆ ಗರಗಸದಿಂದ ಬಂದ ಹಸಿ ಹಲಗೆ ಒರಟು, ಬೂದಿ ಬಣ್ಣ. ಅದರಲ್ಲಿ ಏನೂ ಕಾಣುವುದಿಲ್ಲ. ಒದ್ದೆ ಬಟ್ಟೆ ಎಳೆದಾಗ ಮಾತ್ರ ನೆರಿಗೆ ಮೇಲೆದ್ದು ಬರುತ್ತದೆ. ಇದರಲ್ಲೇ ಎಷ್ಟು ಮೋಸ! ಫೋನಿನಲ್ಲಿ ಒದ್ದೆ ಹಲಗೆಯ ಫೋಟೋ ಕಳಿಸಿ, ಬೇರೆ ಊರಿನಿಂದ ಸಪ್ಪೆ ಹಲಗೆ ಕಟ್ಟಿ ಕಳಿಸಿದವರಿದ್ದಾರೆ. ಮೇಲೆ ಬಣ್ಣದ ಗೀರು ಎಳೆದು ನೆರಿಗೆ ಎಂದವರಿದ್ದಾರೆ. ಕೇಳಿದರೆ, "ಗರಗಸ ಹಾಕಿದ್ಮೇಲೆ ವಾಪಸ್ ಇಲ್ಲ ಮೇಡಂ." ಗರಗಸ ಹಾಕದೆ ಒಳಗೇನಿದೆ ಎಂದು ಯಾರಿಗೆ ತಿಳಿಯುತ್ತದೆ?

ಅದಕ್ಕೇ ಅವಳು ಮುನೀಂದ್ರನ ಮಂಡಿಗೆ ಹೋಗುತ್ತಿದ್ದದ್ದು. ಕಣ್ಣಾರೆ ನೋಡಿ ಆರಿಸಬಹುದು. ಅಲ್ಲಿ ಒಂದು ಪದ್ಧತಿಯೂ ಇತ್ತು. ಒಪ್ಪಿದ ಹಲಗೆಯ ದುಡ್ಡು ಕಟ್ಟಿ, ಅದರ ತುದಿಯಲ್ಲಿ ಸೀಮೆಸುಣ್ಣದಿಂದ ಹೆಸರು ಬರೆದು ಬಂದರೆ ಮುಗಿಯಿತು, ಅದು ಬರೆದವರದು. ಒಣಗಲು ಎಷ್ಟು ಕಾಲ ಬಿದ್ದಿದ್ದರೂ ಇನ್ನೊಬ್ಬರು ಕೈ ಹಾಕುವಂತಿಲ್ಲ. ಬಡಗಿಗಳು, ಬಾಗಿಲು ಮಾಡುವವರು, ಎಲ್ಲರೂ ಆ ಹೆಸರಿಗೆ ಮರ್ಯಾದೆ ಕೊಡುತ್ತಿದ್ದರು.

ಯಲಹಂಕದ ಆಚೆ ಅಪಾರ್ಟ್‌ಮೆಂಟಿಗೆಂದು ಉರುಳಿಸಿದ ತೋಪಿನ ಒಂದು ಮಾವಿನ ದಿಮ್ಮಿಯಲ್ಲಿ ಅವಳಿಗೆ ನೆರಿಗೆ ಸಿಕ್ಕಿತು. ಅಕ್ಕಪಕ್ಕ ಸೀಳಿದ ಎರಡು ಹಲಗೆ. ಪುಸ್ತಕ ಬಿಡಿಸಿಟ್ಟ ಹಾಗೆ ಜೋಡಿಸಿದರೆ ಎಡದ ನೆರಿಗೆ ಬಲಕ್ಕೆ ಕೂಡಿಕೊಳ್ಳುತ್ತದೆ. ಎರಡಕ್ಕೂ ತನ್ನ ಹೆಸರು ಬರೆದಳು. ಮಳೆಗಾಲ, ಚಳಿಗಾಲ ಕಳೆದು ಅವು ಒಣಗುವವರೆಗೆ ಕಾದಳು. ಅಷ್ಟರಲ್ಲಿ ಪ್ರತಿಭಾ ಎಂಬ ಬೇಸ್ ನುಡಿಸುವ ಹುಡುಗಿ ಬಂದು ಈ ಜೋಡಿಯ ಫೋಟೋ ನೋಡಿ, "ಇದ್ರಲ್ಲೇ ಮಾಡ್ಕೊಡಿ. ತಲೆ ಮೇಲೆ ನಿಮ್ ಹೆಸ್ರೇ ಇರ್ಲಿ, ಅಂಗಡಿ ಹೆಸ್ರು ನಂಗ್ಯಾಕೆ?" ಎಂದಳು. ಆ ದಿನ ಅನೀಸಾ ಶೆಡ್ಡಿನಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ಅವಳ ಹೆಸರು ಹೊತ್ತು ಹೊರಗೆ ಹೋಗುವ ಮೊದಲ ವಾದ್ಯ ಅದು. ಒಂದು ಹಲಗೆ ಇಲ್ಲವಾದರೂ ಜೋಡಿ ಇಲ್ಲ, ವಾದ್ಯವೂ ಇಲ್ಲ.

ಹಲಗೆ ತರಲು ಹೋದ ದಿನ ತಪ್ಪು ಮಾಡಿಬಿಟ್ಟಳು. ಆಟೋದಲ್ಲಿ ಒಂದೇ ಹಿಡಿಯುವಂತಿತ್ತು. ಇನ್ನೊಂದನ್ನು ನಾಳೆ ಒಯ್ಯೋಣವೆಂದು ನಿಲ್ಲಿಸಿ, ಎರಡರ ನೆರಿಗೆ ಕೂಡುತ್ತದೆಯೇ ನೋಡುವ ಆಸೆಯಿಂದ, ಹೊರಡುವ ಮೊದಲು ಮಂಡಿಯ ನಟ್ಟನಡುವೆ ಎರಡರ ಮೇಲೂ ಒದ್ದೆ ಬಟ್ಟೆ ಎಳೆದಳು. ಈ ಕಸುಬಿನವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಮೂಲೆಯಲ್ಲಿ ಕಾಸಿನಗಲ ಉಜ್ಜಿ ನೋಡುತ್ತಾರೆಯೇ ಹೊರತು ಹಾಗೆ ಉದ್ದಕ್ಕೂ ಎಳೆಯುವುದಿಲ್ಲ. ನೆರಿಗೆ ಎದ್ದಿತು. ಇವಳೂ ನೋಡಿದಳು, ಮಂಡಿಯೆಲ್ಲ ನೋಡಿತು. ದೊಡ್ಡ ಮನೆಗಳ ಒಳಾಲಂಕಾರ ಮಾಡಿಸುವ ಶ್ರೀಕಾಂತ್ ಎಂಬವರೂ ಅಲ್ಲೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಹೋದವಳು ಹಾಗೇ ವಾಪಸು ಬಂದಳು.

"ಹೆಸ್ರು ಎಲ್ಲಿದೆ ತೋರ್ಸು ಅಂತಾನೆ ಅಮ್ಮಾ. ಹಲಗೆ ಪೂರ್ತಿ ನೀರು ಹಾಕಿ ಒರೆಸಿಬಿಟ್ಟಿದ್ದಾನೆ. ಆ ಸಾರ್ ಮಧ್ಯಾಹ್ನ ಬಂದು ಊಟದ ಮೇಜಿಗೆ ಕುಯ್ಸ್ಕೊಂಡು ಹೋಗ್ತಾರಂತೆ. ಮಾತಾಡೋದಿದ್ರೆ ಮನೆ ಗಂಡಸರನ್ನ ಕರ್ಕೊಂಡು ಬಾ ಅಂದ."

ನನ್ನ ಮೈ ಉರಿಯಿತು. ಬರೆಯುವಾಗ ಗಂಡಸು ಬೇಕಿರಲಿಲ್ಲ, ಅಳಿಸಿದ ಮೇಲೆ ಬೇಕೇ? ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟೆ.

ಮುನೀಂದ್ರ ಕುರ್ಚಿಯಿಂದ ಏಳಲಿಲ್ಲ. "ಏನಮ್ಮ, ಗಂಡಸರನ್ನ ಕರ್ಕೊಂಡು ಬಾ ಅಂದ್ರೆ ಅಜ್ಜೀನ ಕರ್ಕೊಂಡು ಬಂದಿದೀಯ?"

"ಸಿಕ್ಕಿದ ಗಂಡಸರೆಲ್ಲ ನಿಮ್ ಥರಾನೇ ಇದ್ರು ಸಾಹುಕಾರ್ರೇ, ಅದಕ್ಕೆ ಬಿಟ್ಟುಬಂದೆ," ಎಂದಳು ಅನೀಸಾ.

ಗರಗಸದ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ಹಲಗೆ ಗೋಡೆಗೆ ಒರಗಿತ್ತು, ಆಗತಾನೇ ಮತ್ತೆ ನೀರು ಹೊಯ್ದಿದ್ದರು. ನಿಜಕ್ಕೂ ಹೆಸರಿರಲಿಲ್ಲ. ಶ್ರೀಕಾಂತ್ ಪಕ್ಕದಲ್ಲಿ ಫೋನ್ ನೋಡುತ್ತಾ ನಿಂತಿದ್ದರು. ಅನೀಸಾ ಕೂಗಾಡಲಿಲ್ಲ. ಹಲಗೆಯನ್ನು ಬಿಸಿಲಿನ ಕಡೆಗೆ ತಿರುಗಿಸಿ, ಪಕ್ಕದ ದಿಮ್ಮಿಯ ಮೇಲೆ ಕೂತಳು.

"ಒಣಗ್ಲಿ," ಎಂದಳು.

"ಒಣಗಿದ್ರೆ ಏನಾಗತ್ತೆ?"

"ನೋಡೋಣ. ಕೂತಿರ್ತೀವಿ."

ನಾನೂ ಕೂತೆ. ಆಗ ನನಗೆ ಹೊಳೆಯಿತು. ಬೆಳಿಗ್ಗೆ ತೊಳೆದ ಹೊಸ್ತಿಲಿನ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ರಂಗೋಲಿ ಎಳೆದರೆ ಮೊದಲು ಕಾಣುವುದಿಲ್ಲ. ಕಲ್ಲು ಒಣಗಿದ ಹಾಗೆ ಗೆರೆ ಬೆಳ್ಳಗೆ ಮೇಲೆ ಬರುತ್ತದೆ. ಒರಟು ಮರದ ಸಂದಿಯಲ್ಲಿ ಕೂತ ಸುಣ್ಣ ಒಂದು ಸಲ ಒರೆಸಿದರೆ ಹೋಗುತ್ತದೆಯೇ? ನೀರಿದ್ದಷ್ಟು ಹೊತ್ತು ಅಡಗಿರುತ್ತದೆ, ಅಷ್ಟೇ.

ಮುನೀಂದ್ರನಿಗೂ ಹೊಳೆದಿರಬೇಕು. "ಏ ಹಬೀಬುಲ್ಲಾ, ಸಾರ್‌ಗೆ ನೆರಿಗೆ ಕಾಣ್ತಿಲ್ಲ, ಇನ್ನೊಂದು ಬಕೆಟ್ ನೀರು ಹಾಕೋ," ಎಂದ.

ಗರಗಸದ ಹಬೀಬುಲ್ಲಾ ಬೀಡಿ ಆರಿಸಿ ಹೇಳಿದ, "ಒದ್ದೆ ಹಲಗೆ ಕುಯ್ದ್ರೆ ಗರಗಸದ ಪಟ್ಟಿ ಬಿಸಿಯಾಗಿ ಅಡ್ಡಾದಿಡ್ಡಿ ಎಳೀತದೆ ಸಾಹುಕಾರ್ರೇ. ಒಣಗ್ಲಿ ಬಿಡಿ. ನಿಮ್ಗೇನ್ ಭಯ?"

ಮಾರ್ಚಿಯ ಬಿಸಿಲು. ನೆರಿಗೆ ಮೆಲ್ಲಗೆ ಮಾಸುತ್ತಾ ಬಂತು, ಹಲಗೆ ಬೂದಿ ಬಣ್ಣಕ್ಕೆ ತಿರುಗಿತು. ತುದಿಯಲ್ಲಿ ಮೊದಲು 'ಅ'ದ ಹೊಟ್ಟೆ ಕಂಡಿತು. ಆಮೇಲೆ 'ನೀ'ಯ ದೀರ್ಘ. ಕೊನೆಗೆ ಪೂರ್ತಿ ಹೆಸರು, ಮಸುಕಾಗಿ, ಆದರೆ ಓದುವ ಹಾಗೆ.

ಶ್ರೀಕಾಂತ್ ಬಗ್ಗಿ ನೋಡಿದರು. "ಅನೀಸಾ ಅಂತ ಇದೆಯಲ್ರೀ."

"ಅದು ಯಾವ್ದೋ ಹಳೇ ಕಲೆ ಸಾರ್."

"ಕಲೆಗೆ ಒತ್ತು, ದೀರ್ಘ ಎಲ್ಲಾ ಬರೋಕೆ ಯಾವ ಶಾಲೆಗೆ ಹೋಗಿತ್ತಪ್ಪ?" ಎಂದೆ ನಾನು. ಒತ್ತಕ್ಷರ ಅದರಲ್ಲಿ ಇರಲಿಲ್ಲ. ಸಿಟ್ಟಿನಲ್ಲಿ ಬಂದುಬಿಟ್ಟಿತು.

"ಬೇರೇದು ತೋರ್ಸಿ," ಎಂದು ಶ್ರೀಕಾಂತ್ ಆಚೆ ನಡೆದರು. ಆ ಹುಡುಗಿಯ ಕಡೆ ತಿರುಗಿ ಒಂದು ಮಾತು ಆಡಲಿಲ್ಲ. ಓದು ಬರುವ ಮನುಷ್ಯ. ಹೆಸರು ಓದಿದ, ಅದರ ಒಡತಿಯನ್ನು ನೋಡಲಿಲ್ಲ. ಮುನೀಂದ್ರನ ಮೇಲಿನಷ್ಟೇ ಸಿಟ್ಟು ನನಗೆ ಅವರ ಮೇಲೂ ಇದೆ.

ಮುನೀಂದ್ರನ ನಾಲಿಗೆ ಆಗಲೇ ಮಗ್ಗುಲು ಬದಲಿಸಿತ್ತು. "ಹೋಗ್ಲಿ ತಗೊಂಡ್ಹೋಗಮ್ಮ. ಹೆಣ್ಣುಮಗಳು, ಬಿಸಿಲಲ್ಲಿ ಕೂತಿದ್ದೀಯ. ಕೊಟ್ಟಿದೀನಿ."

"ಕೊಡ್ಬೇಡಿ ಸಾಹುಕಾರ್ರೇ," ಎಂದಳು ಅನೀಸಾ. "ನಂದು ನಾನು ತಗೋತಿದೀನಿ." ಹಬೀಬುಲ್ಲಾ ಒಂದು ಕಡೆ ಹಿಡಿದ, ಅವಳು ಇನ್ನೊಂದು ಕಡೆ. ಆಟೋಗೆ ಹಾಕಿದರು.

ಬೇಸ್ ತಯಾರಾಯಿತು. ಎರಡು ಹಲಗೆಯ ನೆರಿಗೆ ನಡುವೆ ಬಂದು ಕೂಡುವುದನ್ನು ನೋಡಬೇಕು, ಸೇರಿಸಿದ್ದೆಂದು ಗೊತ್ತಾಗುವುದಿಲ್ಲ. ತಲೆಯ ಮೇಲೆ ಅನೀಸಾ ಎಂದು ಕನ್ನಡದಲ್ಲೇ ಕೆತ್ತಿದಳು. ಪ್ರತಿಭಾ ಒಯ್ದು ನುಡಿಸುತ್ತಿದ್ದಾಳೆ. ಮುನೀಂದ್ರನ ಮಾತು ಕಿವಿಗೆ ಬಿದ್ದರೆ ಅನೀಸಾ ನಗುತ್ತಾಳೆ, "ಬಿಡಿ ಅಮ್ಮಾ, ಹೇಳ್ಕೊಳ್ಲಿ." ನಾನು ಬಿಡುವುದಿಲ್ಲ. ಕದಿಯಲು ಬಂದವನು ಸಿಕ್ಕಿಬಿದ್ದ ಮೇಲೆ ದಾನಿಯಾಗಿಬಿಟ್ಟರೆ, ಸೀಮೆಸುಣ್ಣದ ಹೆಸರಿಗೆ ಇನ್ನು ಬೆಲೆ ಏನು?

ಕುಯ್ಯುವಾಗ ಅವಳು ಹಲಗೆಯ ಹೆಸರಿದ್ದ ತುದಿಯ ತುಂಡನ್ನು ಒಲೆಗೆಂದು ಬಿಸಾಡಿದ್ದಳು. ನಾನು ಎತ್ತಿಟ್ಟುಕೊಂಡಿದ್ದೇನೆ. ಈಗ ಯಾರಾದರೂ ಬಂದು, "ಮುನೀಂದ್ರ ಕೊಟ್ಟನಂತಲ್ಲ," ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಆ ತುಂಡಿಗೆ ಒಂದಿಷ್ಟು ನೀರು ಚಿಮುಕಿಸಿ ಅವರ ಮುಂದೆ ಇಡುತ್ತೇನೆ.

"ಒಣಗ್ಲಿ, ಕೂತಿರಿ," ಎನ್ನುತ್ತೇನೆ.