ಮ್ಯೂಸಿಯಮ್ಮಿಗೆ ಹೋದ ಹುಲಿ

ದೈವ, ಪವಾಡ ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಸಂಶಯ ನನ್ನ ಹುಟ್ಟುಗುಣ. ಅಂಗಡಿಯವನು ಆರಿಸಿಕೊಟ್ಟ ತೆಂಗಿನಕಾಯಿಯನ್ನೂ ಅಲ್ಲಾಡಿಸಿ ನೋಡದೆ ಚೀಲಕ್ಕೆ ಹಾಕಿದವನಲ್ಲ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದೆಹಲಿಯ ರಾಷ್ಟ್ರೀಯ ಕಲಾ ಸಂಗ್ರಹಾಲಯವೊಂದು ಬೆಳೆಯುತ್ತಿತ್ತು. ಮೊದಲು ಅಲ್ಲಿ ಇದ್ದದ್ದು ರಾಜರಾಣಿಯರ ತೈಲಚಿತ್ರಗಳು, ಆಮೇಲೆ ಹೆಸರಾಂತ ಕಲಾವಿದರ ಕ್ಯಾನ್ವಾಸುಗಳು. ಹಳ್ಳಿಯವರು ಕೆತ್ತಿದ್ದೂ ಕಲೆಯೇ ಎಂದು ಹೊಳೆಯಲು ಅವರಿಗೆ ಇಷ್ಟು ವರ್ಷ ಬೇಕಾಯಿತು! ಅದಕ್ಕೊಂದು ಹೊಸ ವಿಭಾಗ ಕಟ್ಟಲು ಹೊರಟು, ನಮ್ಮ ಕಡೆಯ ಮರದ ಕೆತ್ತನೆ ಹುಡುಕಿಕೊಡಿ ಎಂದು ನನ್ನನ್ನು ಕೇಳಿದರು.

ಬಸ್ರೂರಿನ ಹೊಳೆಬದಿಯಲ್ಲಿ ಮೀನು ವ್ಯಾಪಾರದ ಗಿರಿಜಕ್ಕನ ಮನೆ. ಅವರ ದೈವದ ಗುಡಿಯಲ್ಲಿ ತಲೆಮಾರುಗಳಷ್ಟು ಹಳೆಯ ಮರದ ಹುಲಿಯಿತ್ತು. ಹೊಸ ಹುಲಿ ಕೂರಿಸಿ, ಹಳೆಯದರ ಶಕ್ತಿ ಇಳಿಸಿಯಾಗಿತ್ತು. ಹಾಗೆ ಇಳಿಸಿದ್ದನ್ನು ಹೊಳೆಗೆ ಬಿಡುವುದು ಕ್ರಮ. ಅದರ ಬದಲು ಮ್ಯೂಸಿಯಮ್ಮಿಗೆ ಕೊಡಿ ಎಂದು ನಾನೇ ಒಪ್ಪಿಸಿದೆ. ಹುಲಿ ಯಾರಿಗೂ ಮಾರಾಟವಾಗದು ಎಂದು ಗಿರಿಜಕ್ಕನಿಗೂ ಮಗ ಶೀನನಿಗೂ ಮಾತು ಕೊಟ್ಟೆ. ದಾರಿಯಲ್ಲಿ ಯಾರಾದರೂ ಬದಲಾಯಿಸಿಯಾರು ಎಂದು, ಗುಟ್ಟಾಗಿ, ಹುಲಿಯ ಬಾಲದ ಕೆಳಗೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಮೀನು ಬರೆದೆ.

ಹಳೆಯದನ್ನು ಕಳಿಸುವಾಗ ಯಾರೂ ಮಾತಾಡಬಾರದು. ಆದರೆ ಹುಲಿಯನ್ನು ಹೊತ್ತ ಟೆಂಪೋ ಹೊರಟಾಗ ಗಿರಿಜಕ್ಕನ ಕಣ್ಣು ತುಂಬಿತು. "ಹೋಯ್ ಬಾ, ಮಗಾ" ಎಂದುಬಿಟ್ಟಳು. ಹೊರಟವರಿಗೆ ಬರಿದೇ ಹೋಗು ಎನ್ನುವುದು ನಮ್ಮಲ್ಲಿಲ್ಲ, ನಾಲಿಗೆಗೆ ಅದೇ ರೂಢಿ. ಮರುಗಳಿಗೆಯಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಎಂತ ಹೇಳ್ದೆ ನಾನ್!" ನನಗೆ ನಗು ಬಂತು.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಶೀನ ಶಾಲೆಗೇ ಬಂದ. "ಹ್ವಾಯ್ ಮೇಷ್ಟ್ರೇ, ಬನ್ನಿ. ನಿಮ್ ಹುಲಿ ಕಾಣಿ" ಎಂದ.

ಉಬ್ಬರ ಇಳಿದ ಹೊಳೆದಂಡೆಯಲ್ಲಿ, ಮನೆಗೆ ಮುಖ ಮಾಡಿ, ಹುಲಿ ನಿಂತಿತ್ತು. ಅದೇ ಮುರಿದ ಎಡಗಿವಿ, ಅದಕ್ಕೆ ಹೊಡೆದ ಅದೇ ತಾಮ್ರದ ಮೊಳೆ. ಬಗ್ಗಿ ನೋಡಿದೆ. ಬಾಲದ ಕೆಳಗೆ ನನ್ನ ಮೀನು.

"ಡೆಲ್ಲಿಗ್ ಕಳ್ಸ್ದೆ ಅಂದ್ರಿ. ಹಂಗಾರ್ ಇದ್ ಎಂತ?" ಎಂದ ಶೀನ. ನಾನು ಯಾವುದೋ ಕಳ್ಳವ್ಯಾಪಾರಿಗೆ ಮಾರಿದೆ, ಅವನು ದೈವಕ್ಕೆ ಹೆದರಿ ಹೊಳೆಗೆ ಎಸೆದ ಎಂದು ಅವನ ತೀರ್ಮಾನ. ಊರಿಗೆಲ್ಲ ಹಾಗೇ ಹೇಳಿದ. ಮೀನು ಪೇಟೆಯಲ್ಲಿ ಜನ ನನ್ನನ್ನು ಕಂಡು ಮಾತು ನಿಲ್ಲಿಸತೊಡಗಿದರು. ದೆಹಲಿಗೆ ಫೋನ್ ಮಾಡಿದೆ. ಹುಲಿ ಇಲ್ಲೇ ಉಗ್ರಾಣದಲ್ಲಿದೆ, ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ ಎಂದರು. ಸುಳ್ಳು, ಕದ್ದವರು ಇವರೇ ಎಂದುಕೊಂಡೆ.

ಕೆಲವು ವರ್ಷಗಳ ನಂತರ ಹೊಸ ವಿಭಾಗ ತೆರೆಯಿತು. ಕೈಯಿಂದ ಖರ್ಚು ಮಾಡಿ ರೈಲು ಹತ್ತಿದೆ. ಅಲ್ಲಿರುವುದು ನಕಲಿಯಾಗಿರಲಿ, ಕದ್ದವರು ಅವರೇ ಎಂದಾಗಿ ನನ್ನ ಹೆಸರು ಉಳಿಯಲಿ ಎಂದು, ನಂಬದ ದೇವರಿಗೂ ಕೈಮುಗಿದೆ. ತಂಪು ಹಾಲಿನ ಗಾಜಿನ ಕಪಾಟಿನಲ್ಲಿ, ಚೆಂದದ ಬೆಳಕಿನಲ್ಲಿ, ಹುಲಿ ನಿಂತಿತ್ತು. ಮುರಿದ ಕಿವಿ, ತಾಮ್ರದ ಮೊಳೆ. ಕಾವಲಿನವನು ಗದರಿಸುತ್ತಿದ್ದರೂ ಮಂಡಿಯೂರಿ ಇಣುಕಿದೆ. ಮೀನು ಇತ್ತು. ಬರೆಯುವಾಗ ಪೆನ್ಸಿಲಿನ ಮೊನೆ ಮುರಿದು ಮೀನಿನ ರೆಕ್ಕೆ ಗೀಚಿಹೋಗಿತ್ತು. ಅಲ್ಲೂ ಹಾಗೆಯೇ, ಬಸ್ರೂರಿನಲ್ಲೂ ಹಾಗೆಯೇ. ಎರಡರಲ್ಲೂ ನನ್ನದೇ ಕೈ.

ಊರಿಗೆ ಬಂದು, ಗಿರಿಜಕ್ಕನ ಮನೆಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿದೆ. "ಅಲ್ಲೂ ಇತ್ತ್, ಇಲ್ಲೂ ಇತ್ತಾ? ಸಾಕ್ ಮೇಷ್ಟ್ರೇ" ಎಂದು ಶೀನ ಒಳಗೆ ಹೋದ. ಹುಲಿ ಜಗಲಿಯ ಮೂಲೆಯಲ್ಲಿತ್ತು. ಅದನ್ನು ಈ ಸಲವಾದರೂ ಕ್ರಮದಂತೆ ಹೊಳೆಗೆ ಬಿಡಲು ಗಿರಿಜಕ್ಕ ಒಪ್ಪಿರಲಿಲ್ಲ. "ನಾನೇ ಬಾ ಅಂದದ್ದಲ್ದಾ, ಬಂತ್" ಎಂದು ಅದರ ಬೆನ್ನು ಸವರಿದಳು.

ಎದ್ದು, ಅಭ್ಯಾಸದಂತೆ, "ಬತ್ತೆ ಗಿರಿಜಕ್ಕ" ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶೀನನ ದನಿ ಬಂತು. "ನೀವ್ ಬಪ್ಪುದ್ ಬ್ಯಾಡ."

ಗಿರಿಜಕ್ಕ ತಲೆ ತಗ್ಗಿಸಿದಳು. ಆ ಹುಲಿ ಯಾವುದು, ಈ ಹುಲಿ ಯಾವುದು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಮನೆಗೆ ನಾನು ಮತ್ತೆ ಹೋಗಿಲ್ಲ.