ಹನ್ನೊಂದನೆಯ ಮೆಟ್ಟಿಲು

ನಾನು ಚಿಕ್ಕವನಿದ್ದಾಗ ಎಣಿಸುವುದರಲ್ಲಿ ತೀರ ಹಿಂದೆ. ಇಪ್ಪತ್ತು ಮುಟ್ಟುವಷ್ಟರಲ್ಲಿ ಹದಿನಾಲ್ಕನ್ನೋ ಹದಿನೇಳನ್ನೋ ದಾರಿಯಲ್ಲಿ ಬೀಳಿಸಿರುತ್ತಿದ್ದೆ. ಅಕ್ಕ ನನ್ನನ್ನು ‘ಅರ್ಧ ಲೆಕ್ಕ’ ಎಂದೇ ಕರೆಯುತ್ತಿದ್ದಳು. ಆದ್ದರಿಂದ ಇಲ್ಲಿ ಬರುವ ಅಂಕಿಗಳನ್ನು ನೀವು ಪೂರ್ತಿ ನಂಬಬೇಡಿ. ಮಾತುಗಳನ್ನೂ ಅಷ್ಟೇ. ಆ ದಿನ ನಾವು ಮಾತಾಡಿದ್ದು ತುಳುವಿನಲ್ಲಿ. ಇಷ್ಟು ವರ್ಷಗಳ ಮೇಲೆ ನಾನು ಬರೆಯುತ್ತಿರುವುದು ಕನ್ನಡದಲ್ಲಿ.

ದಸರಾ ರಜೆ. ಮಳೆಗಾಲ ಮುಗಿಯಿತೆಂದು ಎಲ್ಲರೂ ಕೊಡೆಗಳನ್ನು ಮೂಲೆಗೆ ಇಟ್ಟಿದ್ದರು. ಬಂಟ್ವಾಳದ ಹಳೇ ಪೇಟೆ ತೋರಿಸುತ್ತೇನೆಂದು ಅಪ್ಪ ನಮ್ಮನ್ನೆಲ್ಲ ಶಿರ್ತಾಡಿಯಿಂದ ಹೊರಡಿಸಿದರು. ಅಮ್ಮನ ಅಣ್ಣ, ಅಂದರೆ ನಮ್ಮ ಮಾವ, ಅಲ್ಲಿ ಅಂಗಡಿ ಇಟ್ಟಿದ್ದರು. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿದೆವು. ನಮ್ಮೂರಲ್ಲಿ ಇದ್ದದ್ದು ಒಂದು ತೋಡು, ಅಷ್ಟೇ. ಹಾರಿ ದಾಟಬಹುದಾದ ನೀರು. ನಾನು ದೊಡ್ಡ ಹೊಳೆ ನೋಡಿದವನೇ ಅಲ್ಲ.

ಪೇಟೆಯ ಬೀದಿ ಉದ್ದಕ್ಕೆ ಇತ್ತು, ಕಿರಿದಾಗಿತ್ತು. ಎರಡೂ ಬದಿಗೆ ಹಲಗೆ ಬಾಗಿಲಿನ ಅಂಗಡಿಗಳು. ಒಣಮೀನು, ಬೆಲ್ಲ, ಕೊಬ್ಬರಿ, ಗೋಣಿಚೀಲ, ಎಲ್ಲದರ ವಾಸನೆ ಬಿಸಿಲಿಗೆ ಒಂದಾಗಿ ಮೂಗಿಗೆ ಅಂಟುತ್ತಿತ್ತು. ಹಿಂದೆ ಮಂಗಳೂರಿನಿಂದ ಉಪ್ಪು ತುಂಬಿದ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು, ಹೋಗುವಾಗ ಅಕ್ಕಿ, ಮೆಣಸು ಹೇರಿಕೊಂಡು ಹೋಗುತ್ತಿದ್ದವು ಎಂದು ಅಪ್ಪ ಹೇಳುತ್ತಾ ನಡೆದರು. ನನಗೆ ಅದು ಅರ್ಧವೂ ಕೇಳಿಸಲಿಲ್ಲ. ನಾನು ಗೋಡೆಗಳನ್ನು ನೋಡುತ್ತಿದ್ದೆ. ಅಂಗಡಿಯಿಂದ ಅಂಗಡಿಗೆ ಒಂದೇ ಎತ್ತರದಲ್ಲಿ ಒಂದು ಕಂದು ಗೆರೆ ನಮ್ಮ ಜೊತೆಗೇ ಬರುತ್ತಿತ್ತು. ಅದು ಅಪ್ಪನ ತಲೆಗಿಂತ ಮೇಲಿತ್ತು.

ಮಾವನ ಅಂಗಡಿಯ ಒಳಗೂ ಆ ಗೆರೆ ಇತ್ತು.

“ಮಾವ, ಇದು ಯಾರು ಎಳೆದದ್ದು?”

“ಹೊಳೆ,” ಎಂದರು ಮಾವ, ತಕ್ಕಡಿಯಿಂದ ತಲೆ ಎತ್ತದೆ.

“ಹೊಳೆ ಅಂಗಡಿಗೆ ಬರ್ತದಾ?”

“ಕರೆಯದೆ ಬರ್ತದೆ ಮಾರಾಯ. ಬಂದರೆ ಕೂಡಲೇ ಹೋಗುದೂ ಇಲ್ಲ.”

ಅಕ್ಕ ನಕ್ಕಳು. ನಾನೂ ನಕ್ಕೆ, ಆದರೆ ಗೆರೆಯಿಂದ ದೂರ ಸರಿದು ನಿಂತೆ.

ಅಂಗಡಿಯ ಹಿಂಬಾಗಿಲು ತೆರೆದರೆ ನೇತ್ರಾವತಿ. ಕಲ್ಲಿನ ಮೆಟ್ಟಿಲುಗಳು ನೇರ ನೀರಿಗೆ ಇಳಿದಿದ್ದವು. ನಾನು ಗಟ್ಟಿಯಾಗಿ ಎಣಿಸುತ್ತಾ ಇಳಿದೆ. ನೀರಿನಿಂದ ಮೇಲೆ ಹನ್ನೊಂದು. ಹನ್ನೊಂದನೆಯದರ ಪಕ್ಕದಲ್ಲಿ ಒಂದು ದೋಣಿ ಕಟ್ಟಿತ್ತು. ಊಟವಾದ ಮೇಲೆ ಆಚೆ ದಡಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರು ದೋಣಿಯವರು. ಮುದುಕರು, ಮಾತು ಕಡಿಮೆ.

ಊಟ ಮುಗಿಸಿ ಕೈ ಒರೆಸುತ್ತಾ ಓಡಿ ಬಂದು ಮತ್ತೆ ಎಣಿಸಿದೆ. ಒಂಬತ್ತು.

“ಅಕ್ಕ, ಒಂಬತ್ತೇ ಉಂಟು!”

“ಎರಡನ್ನು ಅನ್ನದ ಜೊತೆ ನುಂಗಿದಿಯಾ ಎಂತ, ಅರ್ಧ ಲೆಕ್ಕ?”

ಅಪ್ಪನೂ ನಕ್ಕುಬಿಟ್ಟರು. ಮೇಲೆ ನೋಡಿದೆ. ಒಂದು ಚೂರು ಮೋಡ ಇರಲಿಲ್ಲ. ಮಳೆ ಇಲ್ಲದೆ ನೀರು ಏರುವುದಿಲ್ಲ ಎಂದು ನಮ್ಮ ತೋಡು ನನಗೆ ಕಲಿಸಿತ್ತು. ಹಾಗಾದರೆ ತಪ್ಪು ನನ್ನದೇ.

“ಹೋಗುವ ಅಪ್ಪ, ಬೇಗ ಹೋಗುವ,” ಎಂದು ಅಕ್ಕ ದೋಣಿಗೆ ಹಾರಿದಳು. “ನೀನು ಸಣ್ಣವ, ಅಮ್ಮನ ಹತ್ತಿರ ಇರು,” ಎಂದು ಅಪ್ಪ ನನ್ನನ್ನು ಬಿಟ್ಟು ಹತ್ತಿದರು. ದೋಣಿಯವರು ಹಗ್ಗ ಬಿಚ್ಚುವಾಗ ನಾನು ಇನ್ನೊಮ್ಮೆ ಎಣಿಸಿದೆ, ಈ ಸಲ ಮನಸ್ಸಿನಲ್ಲೇ. ಎಂಟು.

ನಾನು ಬಾಯಿ ಬಿಡಲಿಲ್ಲ. ಮತ್ತೆ ನಗುತ್ತಾರೆ.

ದೋಣಿ ನಡುಹೊಳೆ ಮುಟ್ಟುವ ಮೊದಲು ನೀರಿನ ಬಣ್ಣ ತಿರುಗಿತು. ಮೊದಲು ಒಣ ಎಲೆಗಳು ಬಂದವು, ಆಮೇಲೆ ಕೊಂಬೆಗಳು, ಆಮೇಲೆ ಗೊನೆಯ ಸಮೇತ ಒಂದು ಬಾಳೆಗಿಡ, ಮಲಗಿಕೊಂಡು ಪ್ರಯಾಣ ಹೊರಟ ಹಾಗೆ. ಸದ್ದೇ ಇರಲಿಲ್ಲ. ಮಾವ ಹಿಂಬಾಗಿಲಿಗೆ ಬಂದರು. ಆಕಾಶ ನೋಡಲಿಲ್ಲ. ಬಗ್ಗಿ ನೀರಿಗೆ ಕೈ ಇಟ್ಟರು.

“ತಣ್ಣಗೆ ಉಂಟು. ಚಾರ್ಮಾಡಿಯ ಘಟ್ಟದಲ್ಲಿ ರಾತ್ರಿ ಬಿದ್ದದ್ದು ಈಗ ಇಲ್ಲಿಗೆ ಬರ್ತಾ ಉಂಟು.” ನನ್ನ ಕಡೆ ತಿರುಗಿದರು. “ಏರ್ಲಿಕ್ಕೆ ಶುರುವಾಗಿ ಎಷ್ಟು ಹೊತ್ತಾಯ್ತು?”

ಆ ಪೇಟೆಯಲ್ಲಿ ಆ ಉತ್ತರ ಗೊತ್ತಿದ್ದವನು ನಾನೊಬ್ಬನೇ.

“ಗೊತ್ತಿಲ್ಲ,” ಎಂದೆ.

ಆಮೇಲೆ ಮಾವ ಕೂಗಿದರು. ಸಾಲಿನ ಹಿಂಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಯಾರೂ ಗಾಬರಿಯಲ್ಲಿ ಓಡಲಿಲ್ಲ. ಕೆಲವರು ಹಗ್ಗ ಹಿಡಿದು ದಡದ ಉದ್ದಕ್ಕೆ ಕೆಳಗೆ ನಡೆದರು. ಉಳಿದವರು ಮೂಟೆಗಳನ್ನು ಹೊತ್ತು ಅಟ್ಟಕ್ಕೆ ಏರಿಸತೊಡಗಿದರು. ಆ ಮೌನ ನನ್ನನ್ನು ಹೆದರಿಸಿದಷ್ಟು ಹೊಳೆಯೂ ಹೆದರಿಸಲಿಲ್ಲ. ದೋಣಿ ಒಮ್ಮೆ ಸುತ್ತಿತು, ಅಡ್ಡವಾಯಿತು, ಕೆಳಗಿನ ತಿರುವಿನಲ್ಲಿ ಮರೆಯಾಯಿತು. ಅಮ್ಮ ಬಂದು ನನ್ನ ಭುಜ ಹಿಡಿದರು. ಅವರ ಉಗುರುಗಳು ಚುಚ್ಚಿದವು. ಅವರು ಏನಾದರೂ ಕೇಳಿದರೋ ಇಲ್ಲವೋ, ನನಗೆ ನೆನಪಿಲ್ಲ.

ಕತ್ತಲಾಗುವ ಮೊದಲು ಅಪ್ಪ ಮತ್ತು ಅಕ್ಕ ಬೀದಿಯ ಕಡೆಯಿಂದ ನಡೆದು ಬಂದರು. ಒದ್ದೆ, ಬರಿಗಾಲು. ದೋಣಿ ಒಂದು ಮರಕ್ಕೆ ಬಡಿದಿತ್ತು. ಮುದುಕರು ಇಬ್ಬರನ್ನೂ ಕೊಂಬೆಗೆ ಹತ್ತಿಸಿ, ತಾವೂ ಹತ್ತಿ, ಹಗ್ಗದವರು ಬರುವ ತನಕ ಹಿಡಿದುಕೊಂಡಿದ್ದರು. ದೋಣಿ ಮಾತ್ರ ಹೋಗಿಬಿಟ್ಟಿತು. ಅವರ ಹಿಂದೆ ಮುದುಕರು ಬಂದರು, ಕೈಯಲ್ಲಿ ಜಲ್ಲೆ, ದೋಣಿ ನೂಕುವ ಆ ಉದ್ದ ಬಿದಿರು. ದೋಣಿ ಇಲ್ಲದ ಜಲ್ಲೆಯನ್ನು ಅವರು ಮಾವನ ಗೋಡೆಗೆ ಒರಗಿಸಿದರು. ಅದರ ಬುಡ ಜಾರದ ಹಾಗೆ ಒಂದು ಕಲ್ಲನ್ನೂ ಇಟ್ಟರು. ಅದನ್ನು ನಾನು ಕಂಡೇ ಕಂಡಿದ್ದೇನೆ.

ಈಗ ಅಕ್ಕ ಹೇಳುವುದೇ ಬೇರೆ. “ನೀನು ದಡದಿಂದ ಎಂಟು, ಎಂಟು ಅಂತ ಕೂಗಿದ್ದಿ. ನಾನೇ ಕೇಳಿಸಿದರೂ ಕೇಳಿಸದ ಹಾಗೆ ಕೂತದ್ದು,” ಎನ್ನುತ್ತಾಳೆ. ಇಷ್ಟು ವರ್ಷ ಅವಳು ಆ ದೋಣಿಯನ್ನು ತನ್ನ ತಲೆಯ ಮೇಲೆ ಹೊತ್ತಿದ್ದಾಳೆ, ನಾನು ನನ್ನ ತಲೆಯ ಮೇಲೆ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ಯಾರದೆಂದು ನನಗೆ ನಿಜಕ್ಕೂ ಗೊತ್ತಿಲ್ಲ.

ಮೊಮ್ಮಕ್ಕಳೇ, ನಿಮ್ಮ ಕಾಲದಲ್ಲಿ ಘಟ್ಟದ ಮಳೆ ಹೊಳೆಗಿಂತ ಮೊದಲೇ ಮೊಬೈಲಿಗೆ ಬಂದು ಮುಟ್ಟುತ್ತದೆ. ಹೋದ ರಜೆಯಲ್ಲಿ ನಿಮ್ಮಿಬ್ಬರನ್ನು ಅದೇ ಮೆಟ್ಟಿಲುಗಳಿಗೆ ಕರೆದುಕೊಂಡು ಹೋಗಿದ್ದೆನಲ್ಲ, ಆ ದಿನ ಅಣ್ಣನ ಮೊಬೈಲಿನಲ್ಲಿ ಹಳದಿ ಸೂರ್ಯ ಇದ್ದ, ಮೇಲೆಯೂ ಸೂರ್ಯನೇ ಇದ್ದ. ಆಗ ತಂಗಿ ಹೇಳಿದಳು, “ಅಜ್ಜ, ಆಗ ಹತ್ತು ಇತ್ತು. ಈಗ ಒಂಬತ್ತು.”

“ಇವಳಿಗೆ ಎಣಿಸ್ಲಿಕ್ಕೇ ಬರುದಿಲ್ಲ ಅಜ್ಜ,” ಎಂದು ಅಣ್ಣ ನಕ್ಕ.

ಐಸ್‌ಕ್ರೀಮ್ ಕೂಡ ಕೊಡಿಸದೆ ನಿಮ್ಮನ್ನು ಕೈ ಹಿಡಿದು ಎಳೆದುಕೊಂಡು ಬಸ್ಸು ಹತ್ತಿಸಿದ್ದು ಯಾಕೆ ಎಂದು ನೀವು ಇಬ್ಬರೂ ಇವತ್ತಿಗೂ ಸಿಟ್ಟಿನಿಂದ ಕೇಳುತ್ತೀರಿ. ಆ ಸಂಜೆ ಹೊಳೆ ಏರಿತೋ ಇಲ್ಲವೋ, ನಾನು ಯಾರನ್ನೂ ವಿಚಾರಿಸಲಿಲ್ಲ. ತಂಗಿ ಒಂಬತ್ತು ಎಂದಿದ್ದಳು.